ಎಡಗಡೆಯ ಕಂಬ

ಮಾರ್ಚ್ 3, ಸೋಮವಾರ

ಹಳೆಯ ಕಾರನ್ನು ಇವತ್ತು ಗುಜರಿಯವರು ಎಳೆದುಕೊಂಡು ಹೋದರು. ಎಡಭಾಗದ ಎರಡು ಬಾಗಿಲು, ಎಡ ಮಡ್‌ಗಾರ್ಡು, ಎಡಗನ್ನಡಿ ಎಲ್ಲ ಒಂದೇ ವರ್ಷದಲ್ಲಿ ಜಜ್ಜಿಹೋದವು. ಹದಿನಾರು ವರ್ಷದ ಗಾಡಿ. ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತಿದೆ ಎಂದು ನಾನು, ಇಲ್ಲವೇ ಇಲ್ಲ ಎಂದು ಮೆಕ್ಯಾನಿಕ್. ಕೊನೆಗೆ ಅವನೊಡನೆ ವಾದ ಬಿಟ್ಟಿದ್ದೆ.

ಇಪ್ಪತ್ತನಾಲ್ಕನೇ ತಾರೀಖಿಗೆ ಅಕ್ಕನ ರೇಡಿಯೇಶನ್ ಶುರು. ವಾರಕ್ಕೆ ಐದು ದಿನ, ಏಳು ವಾರ, ಒಟ್ಟು ಮೂವತ್ತೈದು ಸಲ. ಆಸ್ಪತ್ರೆ ಎಪ್ಪತ್ತು ಕಿಲೋಮೀಟರ್ ದೂರದ ದೊಡ್ಡ ಊರಿನಲ್ಲಿ. ಗೆಡ್ಡೆ ಇರುವುದು ಬೆನ್ನುಮೂಳೆಯ ಬುಡದಲ್ಲಿ; ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಲಾರಳು, ಬಸ್ಸಿನ ಮಾತೇ ಇಲ್ಲ. ಸ್ಕ್ಯಾನಿಂಗ್ ದಿನ ಬಾಡಿಗೆ ಕಾರು ಹೇಳಿದ್ದೆವು. ಐವತ್ತು ನಿಮಿಷ ತಡವಾಗಿ ಬಂತು. ಅಷ್ಟು ಹೊತ್ತೂ ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಒಂದು ದಿನವೂ ತಪ್ಪಬಾರದು ಎಂದು ಡಾಕ್ಟರು ಎರಡು ಸಲ ಹೇಳಿದರು, ಎರಡನೇ ಸಲ ನನ್ನನ್ನೇ ನೋಡಿ. ನಾನೇ ಓಡಿಸಿಕೊಂಡು ಬರುತ್ತೇನೆ ಎಂದೆ.

ಸೆಡಾನೇ ಯಾಕೆ ಎಂದು ಇವಳು, ನನ್ನ ಹೆಂಡತಿ, ಕೇಳಿದಳು. ಎತ್ತರದ ಗಾಡಿಗೆ ಅಕ್ಕ ಹತ್ತಲಾರಳು. ಚಿಕ್ಕದರಲ್ಲಿ ಕಾಲು ಚಾಚಿ ಮಲಗಲಾರಳು. ದೊಡ್ಡದು ನಮ್ಮ ಗೇಟಿನಲ್ಲಿ ನುಗ್ಗುವುದಿಲ್ಲ. ಉಳಿಯುವುದು ಮಧ್ಯಮ ಗಾತ್ರದ ಸೆಡಾನ್. ಅಂಥವು ಊರಿನಲ್ಲಿ ಮೂರು ಸಿಗುತ್ತವೆ. ಕಂಪನಿಯ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬಂದರೆ ಜೊತೆಗೆ ಜನರ ಅಭಿಪ್ರಾಯವೂ ಬರುತ್ತದೆ. ಬಿಳಿ, ಬೂದು, ನೀಲಿ. ಸಾಕು.

ಮಾರ್ಚ್ 5, ಬುಧವಾರ

ಫ್ಯಾಕ್ಟರಿಯ ಗೇಜ್ ರೂಮಿನಲ್ಲಿ, ಅಂದರೆ ತಯಾರಾದ ಭಾಗಗಳ ಅಳತೆ ನೋಡುವ ನನ್ನ ಕೋಣೆಯಲ್ಲಿ, ಕೆಲಸ ಕಡಿಮೆಯಿತ್ತು. ಕೋಷ್ಟಕ ಹಾಕಿದೆ. ಹಿಂದಿನ ಸೀಟಿನ ಉದ್ದ, ಬಾಗಿಲು ತೆರೆಯುವ ಕೋನ, ನೆಲದಿಂದ ಸೀಟಿನ ಎತ್ತರ, ಹಳ್ಳಕ್ಕೆ ಇಳಿದಾಗಿನ ಕುಲುಕು, ಒಳಗಿನ ಸದ್ದು, ಡಿಕ್ಕಿಯ ಆಳ. ಹದಿನಾಲ್ಕು ಸಾಲು.

ಲೇತ್ ವಿಭಾಗದ ಫೋರ್‌ಮನ್ ಬೇರಿಂಗ್ ಉಂಗುರಗಳ ಟ್ರೇ ತಂದವನು ಹೆಗಲ ಮೇಲಿಂದ ಇಣುಕಿದ. "ಸಾರ್, ಕಾರು ತಗೋತೀರೋ ಹೆಣ್ಣು ನೋಡ್ತೀರೋ?"

"ಎರಡರಲ್ಲೂ ಅವಸರ ಮಾಡಬಾರದು," ಎಂದೆ.

"ಹದಿನಾಲ್ಕು ಸಾಲು ಹಾಕಿದ್ರೆ ಎರಡೂ ಕೈಗೆ ಸಿಗಲ್ಲ ಬಿಡಿ."

ಏಳು ವಾರ ಮಧ್ಯಾಹ್ನದ ಪಾಳಿ ಕೇಳಿದ್ದೇನೆ. ಕೊಡುತ್ತಾರಂತೆ.

ಮಾರ್ಚ್ 8, ಶನಿವಾರ

ಬಿಳಿ ಕಾರು. ಪಕ್ಕದಲ್ಲಿ ಟೈ ಕಟ್ಟಿದವನೊಬ್ಬ ಕೂತು ಮಾತಾಡುತ್ತಲೇ ಇದ್ದ. ಇವಳು ಹಿಂದೆ ಕೂತು ಅಕ್ಕನ ಪರವಾಗಿ ಸೀಟು ಅದುಮಿ ನೋಡಿದಳು. ಗೇರು ಬೆಣ್ಣೆಯ ಹಾಗೆ ಬೀಳುತ್ತದೆ. ಹಳ್ಳದಲ್ಲಿ ಹಿಂದಿನ ಚಕ್ರ ಒಂದಿಷ್ಟು ಬಡಿಯುತ್ತದೆ.

ವೃತ್ತದ ಹತ್ತಿರ ಸ್ಕೂಟರೊಂದು ಆಕಾಶದಿಂದ ಉದುರಿದ ಹಾಗೆ ಎಡಗಡೆಯಿಂದ ಮುಂದೆ ಬಂತು. ಬ್ರೇಕ್ ಹಾಕಿದೆ. ಟೈನವನ ಮಾತು ನಿಂತಿತು. ಬ್ರೇಕ್ ಚೆನ್ನಾಗಿದೆ ಎಂದು ಬರೆದುಕೊಂಡೆ.

ವಾಪಸ್ ಬಂದು ನೋಡಿದರೆ ಕಾರಣ ಸಿಕ್ಕಿತು. ಮುಂದಿನ ಗಾಜಿಗೂ ಎಡಬಾಗಿಲಿಗೂ ನಡುವೆ ಚಾವಣಿಯನ್ನು ಹೊತ್ತ ಓರೆ ಕಂಬವಿದೆಯಲ್ಲ, ಅದು ದಪ್ಪ. ಈಗಿನ ಕಾರುಗಳಲ್ಲಿ ಸುರಕ್ಷತೆಗೆಂದು ಅದರೊಳಗೆ ಗಾಳಿಚೀಲ ತುಂಬುತ್ತಾರಂತೆ. ವರ್ನಿಯರ್ ಹಿಡಿದು ನೋಡಿದೆ: ಒಂಬತ್ತು ಪಾಯಿಂಟ್ ಎರಡು ಸೆಂಟಿಮೀಟರ್. ಒಬ್ಬ ಮನುಷ್ಯ ಪೂರ್ತಿ ಮರೆಯಾಗಬಹುದು. ಕೋಷ್ಟಕಕ್ಕೆ ಹದಿನೈದನೇ ಸಾಲು ಸೇರಿಸಿದೆ.

ಮಾರ್ಚ್ 9, ಭಾನುವಾರ

ಅಡುಗೆಮನೆಯ ಬಾಗಿಲಿಗೆ ಭುಜ ತಗುಲಿತು. ಈ ಮನೆಯ ಬಾಗಿಲುಗಳೇ ಕಿರಿದು.

ಊಟಕ್ಕೆ ಕೂತಾಗ ನೀರಿನ ಲೋಟ ಉರುಳಿತು. ಇವಳು ಲೋಟವನ್ನು ಎಡಕ್ಕೆ ಇಡುತ್ತಾಳೆ. ಬಲಕ್ಕೆ ಇಡು ಎಂದೆ. ಒರೆಸುವ ಬಟ್ಟೆ ಹಿಡಿದು ಆಗಲೇ ನಿಂತಿದ್ದಳು. ಎಲ್ಲಿಂದ ಬಂದೆ ಎಂದರೆ, "ನಾನು ಆಗ್ಲಿಂದ ಇಲ್ಲೇ ಇದ್ದೀನಲ್ರೀ," ಎಂದಳು. ಬೆಕ್ಕಿನ ಹಾಗೆ ಓಡಾಡುವ ಅಭ್ಯಾಸ.

ಮಾರ್ಚ್ 12, ಬುಧವಾರ

ಅರ್ಧ ದಿನ ರಜೆ. ಬೂದು ಕಾರು. ಇಲ್ಲಿ ಮಾರುವವಳು ನಲವತ್ತರ ಆಸುಪಾಸಿನ ದಪ್ಪನೆಯ ಹೆಂಗಸು, ಓಡಾಡುವಾಗ ಕಾಲಿಗೆ ಕ್ಯಾನ್ವಾಸ್ ಶೂ. ಸೀಟಿನ ಉದ್ದ ಚೆನ್ನಾಗಿದೆ, ನೂರ ಮೂವತ್ತೆಂಟು ಸೆಂಟಿಮೀಟರ್. ಬಾಗಿಲು ಅಗಲವಾಗಿ ತೆರೆಯುತ್ತದೆ. ಆದರೆ ಕಂಬ ಹತ್ತು ಪಾಯಿಂಟ್ ನಾಲ್ಕು.

ಬರೀ ದಪ್ಪ ಅಳೆದರೆ ಸಾಲದು, ಎಷ್ಟು ಮರೆಮಾಡುತ್ತದೆ ಎಂದು ತಿಳಿಯಬೇಕು ಎನಿಸಿತು. ನಾನು ಚಾಲಕನ ಸೀಟಿನಲ್ಲಿ ಕೂತು ನೇರ ಮುಂದೆ ನೋಡುವುದು. ಅವಳು ಎಡಗಡೆಯಲ್ಲಿ, ಹಿಂದಿನ ಚಕ್ರದ ಕಡೆಯಿಂದ ಮುಂದಕ್ಕೆ ದೊಡ್ಡದೊಂದು ಅರ್ಧವೃತ್ತದಲ್ಲಿ ನಡೆದು ಬರುವುದು. ಕಂಡ ಕೂಡಲೇ ನಿಲ್ಲಿ ಎನ್ನುತ್ತೇನೆ, ಅವಳು ನಿಂತಲ್ಲಿ ಸೀಮೆಸುಣ್ಣದ ಗೆರೆ. ಐದು ಸಲ ನಡೆಸಿದೆ.

"ಸರ್, ಟೈರ್ ಒದ್ದು ನೋಡಿದೋರಿದ್ದಾರೆ, ಡಿಕ್ಕಿಯೊಳಗೆ ಮಲಗಿ ನೋಡಿದೋರಿದ್ದಾರೆ. ನನ್ನ ಹೀಗೆ ಮೆರವಣಿಗೆ ಮಾಡಿಸಿದೋರು ನೀವೇ ಮೊದಲು."

"ತುಂಬ ತಡವಾಗಿ ಕಾಣುತ್ತೀರಿ."

"ಅಲ್ಲಿಂದಲೇ ಕೈ ಬೀಸ್ತಾ ಇದ್ದೆ ಸರ್."

"ಕಂಬ ಅಡ್ಡ ಇದೆ."

"ಕಂಬ ನನ್ನಷ್ಟು ದಪ್ಪ ಇದ್ಯಾ ಸರ್?" ಎಂದು ನಕ್ಕಳು. ಆಮೇಲೆ ನಗು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದಳು. ಮಾರುವವರು ಮುಖ ನೋಡುವ ರೀತಿಯೇ ಬೇರೆ.

ಹಿಂತಿರುಗುವಾಗ ಬಿಳಿ ಕಾರಿನವನಲ್ಲಿಗೂ ಹೋಗಿ ಟೈನವನನ್ನು ಐದು ಸಲ ನಡೆಸಿದೆ. ಅವನು ಜೋಕು ಮಾಡಲಿಲ್ಲ.

ಮಾರ್ಚ್ 13, ಗುರುವಾರ

ಫ್ಯಾಕ್ಟರಿಯಿಂದ ನೇರ ನೀಲಿ ಕಾರಿನ ಶೋರೂಮಿಗೆ. ಕಂಬ ಮೂರರಲ್ಲೇ ತೆಳು, ಎಂಟು ಪಾಯಿಂಟ್ ಎಂಟು. ನಡಿಗೆಯ ಪರೀಕ್ಷೆ ಮಾಡಿದೆ. ಗೆರೆಗಳನ್ನು ಕೋನಕ್ಕೆ ಪರಿವರ್ತಿಸಿದರೆ ಹೀಗೆ ಬರುತ್ತದೆ. ಬಿಳಿ: ನೇರ ನೋಟದಿಂದ ಎಡಕ್ಕೆ ನಲವತ್ತು ಡಿಗ್ರಿಯವರೆಗೆ ಕಾಣುತ್ತದೆ, ಅದರಾಚೆ ಇಲ್ಲ. ಬೂದು: ನಲವತ್ತು. ನೀಲಿ: ನಲವತ್ತು.

ದಪ್ಪ ಬೇರೆ ಬೇರೆ, ಮರೆಯಾಗುವುದು ಮಾತ್ರ ಒಂದೇ. ಮೂರು ಕಂಪನಿಗಳೂ ಒಂದೇ ತಪ್ಪನ್ನು ಒಂದೇ ಅಳತೆಯಲ್ಲಿ ಮಾಡಿವೆ. ಬಹುಶಃ ಒಬ್ಬರ ನಕ್ಷೆಯನ್ನು ಇನ್ನೊಬ್ಬರು ಕದಿಯುತ್ತಾರೆ. ಮೂರಕ್ಕೂ ದೂರು ಬರೆಯಬೇಕೆಂದುಕೊಂಡು ಒಂದು ಕರಡು ಮಾಡಿದೆ. ಇವಳಿಗೆ ಓದಿ ಹೇಳಿದೆ. ಗ್ರಂಥಾಲಯದಿಂದ ಬೈಂಡಿಂಗಿಗೆ ತಂದ ಹರಕು ಪುಸ್ತಕವೊಂದರ ಬೆನ್ನಿಗೆ ಅಂಟು ಸವರುತ್ತಿದ್ದಳು. ಕೇಳಿಸಿಕೊಂಡಳು. ಕುಂಚ ಕೆಳಗಿಡದೆಯೇ, "ಕಳಿಸ್ಬೇಡಿ," ಎಂದಳು.

"ಯಾಕೆ?"

"ಇನ್ನೊಂದ್ಸಲ ನೋಡಿ ಕಳಿಸಿದ್ರಾಯ್ತು."

ಇನ್ನು ಹನ್ನೊಂದು ದಿನ.

ಮಾರ್ಚ್ 15, ಶನಿವಾರ

ಬರೆಯಬೇಕಾದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ನೀಲಿ ಕಾರನ್ನೇ ತೆಗೆದುಕೊಳ್ಳುವುದೆಂದು ಹೆಚ್ಚುಕಡಿಮೆ ತೀರ್ಮಾನಿಸಿ, ಅಕ್ಕ ಮಲಗಿ ನೋಡಲಿ ಎಂದು ಮನೆಗೇ ತರಿಸಿದ್ದೆ. ಶೋರೂಮಿನವನು ಕೀ ಕೊಟ್ಟು, ಅರ್ಧ ಗಂಟೆ ನೀವೇ ಓಡಿಸಿ ಎಂದು ನಮ್ಮ ಜಗುಲಿಯಲ್ಲಿ ಕೂತ. ಅಕ್ಕ ಎರಡು ದಿಂಬಿನೊಂದಿಗೆ ಹಿಂದೆ ಮಲಗಿದಳು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಮಲಗಿದಲ್ಲಿಂದಲೇ, "ಲೈನ್ ಕೊಡಪ್ಪ, ಹೊರಡೋಣ," ಎಂದಳು. ಇವಳು ನನ್ನ ಪಕ್ಕದಲ್ಲಿ.

ಮುಖ್ಯರಸ್ತೆಗೆ ಹೋಗದೆ ಮರದ ಡಿಪೋ ಸುತ್ತಿ ಬರುವುದೆಂದು ಎಡಕ್ಕೆ ತಿರುಗಿಸುತ್ತಿದ್ದೆ. ವೇಗ ಹೆಚ್ಚಿರಲಿಲ್ಲ. ರಸ್ತೆ ಖಾಲಿಯಿತ್ತು. ಖಾಲಿಯಿತ್ತೆಂದು ಈಗಲೂ ನನ್ನ ಕಣ್ಣ ಮುಂದಿದೆ: ಕಾಂಪೌಂಡು ಗೋಡೆ, ಅದರ ಮೇಲೆ ಬಿಸಿಲು, ಬೇರೇನೂ ಇಲ್ಲ. ಇವಳು ಕಿರುಚಿದಳು. ನನ್ನ ತೊಡೆಯ ಮೇಲಿಂದ ಬಾಗಿ ಸ್ಟಿಯರಿಂಗನ್ನು ಬಲಕ್ಕೆ ಎಳೆದಳು, ಇನ್ನೊಂದು ಕೈ ಹ್ಯಾಂಡ್‌ಬ್ರೇಕಿನ ಮೇಲೆ. ಎಡಗನ್ನಡಿ ಮುರಿದ ಸದ್ದು. ಕಾರು ಅಡ್ಡವಾಗಿ ನಿಂತಿತು. ಹಿಂದೆ ಅಕ್ಕ ಸೀಟಿನಿಂದ ಕೆಳಗೆ ಬಿದ್ದಿದ್ದಳು.

ಒಬ್ಬ ಪೇಂಟರು, ಹೆಗಲ ಮೇಲೆ ಏಣಿ. ಏಣಿಯ ತುದಿ ಕನ್ನಡಿಗೆ ಬಡಿದು ಅವನು ಗಿರ್ರನೆ ಸುತ್ತಿ ಗೋಡೆಗೆ ಒರಗಿದ್ದ. ಮೊಣಕೈ ತರಚಿತ್ತು.

"ಏನ್ ಸ್ವಾಮಿ! ಹನ್ನೆರಡು ಅಡಿ ಏಣಿ! ಸೂಜಿ ಹಿಡ್ಕೊಂಡು ಬರ್ತಿದ್ನಾ ನಾನು?"

"ಅಡ್ಡ ಬಂದಿರಿ."

"ಅಡ್ಡ ಬಂದ್ನಾ? ಆ ತುದಿಯಿಂದ ಗೋಡೆ ಸವರ್ಕೊಂಡೇ ಬರ್ತಿದೀನಿ. ಅಮ್ಮಾವ್ರೇ, ನೀವಾದ್ರೂ ಹೇಳಿ!"

ಇವಳು ಹಿಂದಿನ ಬಾಗಿಲು ತೆರೆದು ಅಕ್ಕನನ್ನು ಎತ್ತಿ ಮಲಗಿಸಿದಳು. ಅಕ್ಕನ ಮುಖ ಸುಣ್ಣದ ಗೋಡೆಯಂತಿತ್ತು. ತುಟಿ ಕಚ್ಚಿಕೊಂಡಿದ್ದಳು, ಕೂಗಲಿಲ್ಲ. ಪೇಂಟರಿಗೆ ಇವಳೇ ನೀರು ಕೊಟ್ಟು ಕರವಸ್ತ್ರ ಕಟ್ಟಿದಳು. ಆಮೇಲೆ ನನ್ನ ಬಾಗಿಲಿಗೆ ಬಂದು, "ಇಳೀರಿ," ಎಂದಳು.

ಚಾಲಕನ ಸೀಟಿನಲ್ಲಿ ತಾನು ಕೂತಳು. ಪೇಂಟರು ಬಂದ ಜಾಗದಲ್ಲಿ ನನ್ನನ್ನು ನಿಲ್ಲಿಸಿದಳು. "ನಡ್ಕೊಂಡು ಬನ್ನಿ. ನಾನು ಮುಂದೆನೇ ನೋಡ್ತಿರ್ತೀನಿ." ನಡೆದೆ. "ಕಾಣ್ತೀರಿ," ಎಂದಳು. ಇನ್ನೂ ಹಿಂದೆ ಹೋದೆ. "ಕಾಣ್ತೀರಿ." ಇನ್ನೂ ಹಿಂದೆ. "ಅಲ್ಲೂ ಕಾಣ್ತೀರಿ."

ಇವಳು ಎತ್ತರದಲ್ಲಿ ನನಗಿಂತ ಆರು ಇಂಚು ಕಡಿಮೆ. ಕಂಬದ ಓರೆಯಿಂದಾಗಿ ವ್ಯತ್ಯಾಸ ಬರುವುದು ಸಹಜ.

ಮನೆಯವರೆಗೆ ಶೋರೂಮಿನವನೇ ಬಂದು ಓಡಿಸಿದ.

ಮಾರ್ಚ್ 16, ಭಾನುವಾರ

ಅಕ್ಕ ದಿನವಿಡೀ ಮಗ್ಗುಲು ಬದಲಿಸಲಿಲ್ಲ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಗೇಜ್ ರೂಮು. ಕೋಷ್ಟಕವನ್ನು ಮತ್ತೆ ತೆಗೆದೆ. ನಲವತ್ತು, ನಲವತ್ತು, ನಲವತ್ತು.

ಮೂರು ಬೇರೆ ಬೇರೆ ಲೇತಿನಿಂದ ಬಂದ ಉಂಗುರಗಳಲ್ಲಿ ಒಂದೇ ತಪ್ಪು ಒಂದೇ ಪ್ರಮಾಣದಲ್ಲಿ ಕಂಡರೆ ನಾವು ಲೇತನ್ನು ದೂರುವುದಿಲ್ಲ. ಗೇಜನ್ನು ತೆಗೆದು, ಅಳತೆ ಖಚಿತವಾಗಿ ಗೊತ್ತಿರುವ ಉಕ್ಕಿನ ಉಂಗುರಕ್ಕೆ ಹಿಡಿದು ನೋಡುತ್ತೇವೆ. ಹೊಸಬರಿಗೆ ಇಪ್ಪತ್ತು ವರ್ಷದಿಂದ ನಾನೇ ಹೇಳಿಕೊಡುತ್ತಿರುವ ಪಾಠ ಇದು.

ಎದುರಿನ ಗೋಡೆಯಲ್ಲಿ ಕ್ಯಾಲೆಂಡರು, ಅದರ ಎಡಕ್ಕೆ ಗಡಿಯಾರ. ಕ್ಯಾಲೆಂಡರನ್ನು ದಿಟ್ಟಿಸುತ್ತ ಅಂಗೈಯಿಂದ ಎಡಗಣ್ಣು ಮುಚ್ಚಿದೆ. ಗಡಿಯಾರ ಇದೆ, ಅಂಚಿನಲ್ಲಿ ಮಸುಕು. ಬಲಗಣ್ಣು ಮುಚ್ಚಿದೆ.

ಗಡಿಯಾರವಿಲ್ಲ. ಗೋಡೆಯಿದೆ.

ಕತ್ತಲೆಯಲ್ಲ, ಕಪ್ಪುಚುಕ್ಕೆಯಲ್ಲ. ತಿಳಿಹಸಿರು ಬಣ್ಣದ, ಎಲ್ಲೂ ಹರಿಯದ, ಒಳ್ಳೆಯ ಗೋಡೆ.

ಮಾರ್ಚ್ 18, ಮಂಗಳವಾರ

ಯಾರಿಗೂ ಹೇಳುವ ಅಗತ್ಯವಿಲ್ಲ. ಎಡಕ್ಕೆ ಕಾಣದಿದ್ದರೆ ತಲೆ ತಿರುಗಿಸಿದರಾಯಿತು. ಮೂರು ಸೆಕೆಂಡಿಗೊಮ್ಮೆ. ಒಂದೂವರೆ ಗಂಟೆಯ ದಾರಿಗೆ ಸಾವಿರದ ಎಂಟುನೂರು ಸಲ. ಎಪ್ಪತ್ತು ಕಿಲೋಮೀಟರಿನಲ್ಲಿ ಐವತ್ತು ಹೆದ್ದಾರಿ. ಅಲ್ಲಿ ಅಷ್ಟು ಬೇಡ. ಏಳು ವಾರ ಮುಗಿಯಲಿ, ಆಮೇಲೆ ಡಾಕ್ಟರನ್ನು ನೋಡುತ್ತೇನೆ. ಈಗ ನೋಡಿದರೆ ಓಡಿಸಬೇಡ ಎನ್ನುತ್ತಾರೆ, ಆಗ ಅಕ್ಕ ಮತ್ತೆ ಚೌಕಟ್ಟು ಹಿಡಿದು ನಿಲ್ಲಬೇಕು.

ಮೇಜಿನ ಮುಂದೆ ಕೂತು ಅಭ್ಯಾಸ ಮಾಡಿದೆ. ಒಂದು, ಎರಡು, ತಿರುಗು. ಒಂದು, ಎರಡು, ತಿರುಗು.

"ಯಾರನ್ನ ಕಾಯ್ತಿದೀರಿ ಸಾರ್?" ಎಂದ ಫೋರ್‌ಮನ್. ಅವನು ಎಡಗಡೆಯಲ್ಲೇ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

ಇನ್ನೂರನೇ ಸಲಕ್ಕೆ ಕತ್ತು ಹಿಡಿಯಿತು.

ಮಾರ್ಚ್ 19, ಬುಧವಾರ

ಸಂಜೆ ಅಕ್ಕನ ಕೋಣೆಗೆ ಕರೆ ಬಂತು. ಕರೆ ಎಂದರೆ ಕರೆಯೇ. ಮಂಚದ ಕಬ್ಬಿಣವನ್ನು ಚಮಚದಿಂದ ಎರಡು ಸಲ ಬಡಿಯುತ್ತಾಳೆ.

"ಯಾವ ಕಾರು ಅಂತ ತೀರ್ಮಾನ ಆಯ್ತೇನೋ?"

"ನೀಲಿ ಅಂತ. ಕಂಬ ತೆಳು."

"ಕಂಬ ಸುಡ್ಲಿ. ಬಾ ಇಲ್ಲಿ, ಕೂತ್ಕೋ." ಎಡಗಡೆಯ ಸ್ಟೂಲನ್ನು ತೋರಿಸಿದಳು. ನಾನು ಸುತ್ತಿ ಬಂದು, ಅವಳು ನನ್ನ ಬಲಕ್ಕೆ ಸಿಗುವ ಹಾಗೆ ಮಂಚದ ಆ ಕಡೆ ಕೂತೆ. ಅದನ್ನೂ ನೋಡಿದಳು.

"ಒಂದು ಕೇಳ್ತೀನಿ, ಸುತ್ತಿ ಬಳಸಿ ಹೇಳ್ಬೇಡ. ಸೋಮವಾರದಿಂದ ನಾನು ಹಿಂದೆ ಮಲಗಿರ್ತೀನಿ. ರಸ್ತೆ ನಂಗೆ ಕಾಣಲ್ಲ. ಮೂವತ್ತೈದು ದಿನ. ಕಣ್ಣು ಮುಚ್ಚಿ ಮಲಗ್ಲೇನೋ?"

ಇವಳು ಬಾಗಿಲಲ್ಲಿ ನಿಂತಿದ್ದಳು. ನಿಂತಿದ್ದಾಳೆಂದು ತಿಳಿದದ್ದು ಅಂಟಿನ ವಾಸನೆಯಿಂದ.

ಹೂಂ ಎಂದರೆ ಮುಗಿಯುತ್ತಿತ್ತು. ಇಪ್ಪತ್ತಾರು ವರ್ಷ ಪಾಸ್ ಅಥವಾ ರಿಜೆಕ್ಟ್ ಎಂಬ ಎರಡೇ ಮುದ್ರೆ ಒತ್ತಿದ ಕೈ ಇದು. ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು.

"ಬೇಡ," ಎಂದೆ.

ಅಕ್ಕ ಕಣ್ಣು ಮುಚ್ಚಿದಳು. ಸಿಟ್ಟು ಬಂದಿದೆ ಎಂದುಕೊಂಡೆ. "ಅಬ್ಬ," ಎಂದಳು. "ನೀನು ಹೂಂ ಅಂದ್ಬಿಟ್ಟಿದ್ರೆ ನಾನು ಆಸ್ಪತ್ರೆನೇ ಬೇಡ ಅನ್ನೋಳಿದ್ದೆ."

ಬಾಡಿಗೆ ಕಾರನ್ನೇ ಮಾತಾಡೋಣ ಎಂದೆ. "ನಾನು ಓಡಿಸ್ತೀನಿ," ಎಂದಳು ಇವಳು, ಬಾಗಿಲಿಂದ.

"ನೀನಾ?"

"ಲೈಸೆನ್ಸ್ ಇದೆ. ಹೋದ ವರ್ಷ ನವೀಕರಿಸಿದೀನಿ."

"ಹನ್ನೆರಡು ವರ್ಷದಿಂದ ಸ್ಟಿಯರಿಂಗ್ ಮುಟ್ಟಿಲ್ಲ."

"ಶನಿವಾರ ಮುಟ್ಟಿದೆನಲ್ಲ," ಎಂದಳು. ಅಕ್ಕ ನಕ್ಕಳು. ನಕ್ಕಿದ್ದಕ್ಕೆ ಬೆನ್ನು ನೋಯಿತು, ನೋಯುತ್ತಲೇ ನಕ್ಕಳು.

ಮಾರ್ಚ್ 20, ಗುರುವಾರ

ಕಣ್ಣಿನ ಡಾಕ್ಟರು. ಬಿಳಿಯ ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕೆ ಕಂಡಾಗೆಲ್ಲ ಗುಂಡಿ ಒತ್ತಬೇಕು. ಎಡಗಣ್ಣಿನ ಸರದಿಯಲ್ಲಿ ಬಹಳ ಹೊತ್ತು ಒತ್ತುವುದಕ್ಕೇ ಏನೂ ಬರಲಿಲ್ಲ. ಯಂತ್ರ ಕೆಟ್ಟಿದೆಯೇ ಎಂದು ಕೇಳಲು ಬಾಯಿ ತೆರೆದು ಮುಚ್ಚಿದೆ.

"ಕಣ್ಣಿನೊಳಗೆ ಒತ್ತಡ ಜಾಸ್ತಿಯಾಗಿ ನರ ಒಣಗಿದೆ. ಎಡಗಣ್ಣಲ್ಲಿ ಬಹಳ, ಬಲಗಣ್ಣಲ್ಲಿ ಮೂಗಿನ ಕಡೆ ಸ್ವಲ್ಪ," ಎಂದರು. "ಎಷ್ಟು ದಿನದಿಂದ ಗೊತ್ತಾಗ್ತಿದೆ?"

"ಮೂರು ದಿನದಿಂದ."

"ಮೂರು ವರ್ಷದ ಕೆಲಸ ಇದು. ಇಲ್ಲದ ಕಡೆ ಮೆದುಳು ತಾನೇ ಬಣ್ಣ ಬಳಿದು ಮುಚ್ಚಿಬಿಡುತ್ತೆ, ಅದಕ್ಕೇ ಯಾರಿಗೂ ತಿಳಿಯಲ್ಲ. ಹೋದದ್ದು ಬರಲ್ಲ. ಇರೋದನ್ನ ಉಳಿಸ್ಕೊಳ್ಳೋಣ. ಡ್ರಾಪ್ಸ್ ತಪ್ಪಿಸ್ಬೇಡಿ. ಗಾಡಿ ಓಡಿಸೋದು ಬೇಡ."

ಅಲ್ಲಿಂದ ಇವಳು ಬೂದು ಕಾರಿನವಳಲ್ಲಿಗೆ ಕರೆದುಕೊಂಡು ಹೋದಳು. ಸೀಟನ್ನು ಎತ್ತರಿಸಬಹುದು, ಕ್ಲಚ್ಚಿಗೆ ಕಾಲು ಪೂರ್ತಿ ಎಟುಕುತ್ತದೆ, ಹಿಂದಿನ ಸೀಟು ಮೂರರಲ್ಲೇ ಉದ್ದ. ಮಾತು ಹತ್ತೇ ನಿಮಿಷದಲ್ಲಿ ಮುಗಿಯಿತು. ಮೂರರಲ್ಲಿ ಅತ್ಯಂತ ದಪ್ಪ ಕಂಬ ಅದರದ್ದೇ. ನಾನು ಹೇಳಲಿಲ್ಲ.

"ಕಾರು ಶನಿವಾರ ಕೈಗೆ ಬರುತ್ತೆ ಮೇಡಂ," ಎಂದಳು ಆ ಹೆಂಗಸು. "ಅಲ್ಲೀತನಕ ಡೆಮೊ ಗಾಡೀಲಿ ನಾನೇ ಪ್ರಾಕ್ಟೀಸ್ ಮಾಡಿಸ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ಅವತ್ತೇ ಹೇಳ್ಬೇಕು ಅಂದ್ಕೊಂಡೆ ಸರ್. ಗಿರಾಕಿಗೆ ಹೇಗೆ ಹೇಳೋದು ಅಂತ ಬಿಟ್ಟೆ. ತಪ್ಪಾಯ್ತು."

ಮಾರ್ಚ್ 22, ಶನಿವಾರ

ಡಿಪೋ ಹಿಂದಿನ ಬಯಲಿನಲ್ಲಿ ಮೂರು ಗಂಟೆ. ಹದಿನೇಳು ಸಲ ಎಂಜಿನ್ ಆಫ್ ಆಯಿತು. ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಬಾಯಿ ಬಿಡಬಾರದು ಎಂಬುದು ಅಕ್ಕನ ಅಪ್ಪಣೆ. ಹನ್ನೆರಡು ವರ್ಷದ ಹಿಂದೆ ಇವಳು ಯಾಕೆ ಓಡಿಸುವುದನ್ನು ಬಿಟ್ಟಳೆಂದು ನಾನು ಕೇಳಿರಲಿಲ್ಲ. ಒಂಬತ್ತನೇ ಸಲ ಆಫ್ ಆದಾಗ ತಾನಾಗಿಯೇ ಹೇಳಿದಳು, ಕನ್ನಡಿಯಲ್ಲಿ ನನ್ನನ್ನು ನೋಡದೆ. "ನೀವು ಪಕ್ಕದಲ್ಲಿ ಕೂತು ತಪ್ಪು ಎಣಿಸ್ತಿದ್ರಿ. ಜೋರಾಗಿ."

ಎಣಿಸುತ್ತಿದ್ದೆ, ನಿಜ. ಹದಿನೇಳು ಎಂದು ಮೇಲೆ ಬರೆದದ್ದನ್ನು ಈಗ ನೋಡಿದೆ.

ತಪ್ಪು ಮಾಡಿದಾಗ ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟುಕೊಳ್ಳುತ್ತಾಳೆ. ಕಿವಿಯ ಹಿಂದೆ ಕೂದಲು ಪೂರ್ತಿ ಬೆಳ್ಳಗಾಗಿದೆ. ಕೊನೆಯ ಅರ್ಧ ಗಂಟೆ ಒಮ್ಮೆಯೂ ನಿಲ್ಲಲಿಲ್ಲ.

ಮಾರ್ಚ್ 24, ಸೋಮವಾರ

ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಬರೆಯುತ್ತಿದ್ದೇನೆ. ಅಕ್ಕನನ್ನು ಒಳಗೆ ಕರೆದುಕೊಂಡು ಹೋಗಿ ಹತ್ತು ನಿಮಿಷವಾಯಿತು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿದೆ.

ಆರೂಕಾಲಕ್ಕೆ ಹೊರಟೆವು. ನಾನು ಮುಂದೆ, ಇವಳ ಪಕ್ಕದಲ್ಲಿ. ಗೇಟು ದಾಟುವಾಗ ಇವಳು ಉಸಿರು ಬಿಗಿಹಿಡಿದದ್ದು ಕೇಳಿಸಿತು. ಹೆದ್ದಾರಿಗೆ ಸೇರುವ ಕೂಡುರಸ್ತೆಯಲ್ಲಿ ಹಿಂದಿನ ಲಾರಿಯವನು ಹಾರ್ನ್ ಒತ್ತಿದ. ಎಂಜಿನ್ ಆಫ್ ಆಯಿತು. ಅವನು ಮತ್ತೆ ಒತ್ತಿದ. ಹಿಂದಿನಿಂದ ಅಕ್ಕ, "ಒತ್ಲಿ ಬಿಡೇ. ಅವನ ಬೆರಳು, ಅವನ ಹಾರ್ನು," ಎಂದಳು. ಇವಳು ಸ್ಟಾರ್ಟ್ ಮಾಡಿ ಬಲಕ್ಕೆ ತಾನೇ ನೋಡಿದಳು. ಎಡಕ್ಕೆ ನಿಂತ ಟೆಂಪೊ ಅಡ್ಡವಿತ್ತು.

"ರೀ, ಎಡಗಡೆ?"

ಮೂವತ್ತೆಂಟು ವರ್ಷ ಓಡಿಸಿದ್ದೇನೆ; ಇಂಥದಕ್ಕೆ ತಲೆ ಎತ್ತದೆ ಖಾಲಿ ಎನ್ನುವುದು ನನ್ನ ರೂಢಿ. ಕಣ್ಣಿನ ಅಂಚಿಗೆ ಖಾಲಿಯೇ ಇತ್ತು, ನುಣ್ಣನೆಯ ರಸ್ತೆ. ಗಾಜು ಇಳಿಸಿ, ಗಲ್ಲ ಭುಜಕ್ಕೆ ತಾಗುವಷ್ಟು ತಿರುಗಿ ನೋಡಿದೆ. ಹಾಲಿನ ವ್ಯಾನು, ವೇಗವಾಗಿ.

"ತಡಿ," ಎಂದೆ.

ತಡೆದಳು. ವ್ಯಾನು ಹೋಯಿತು. ಮತ್ತೆ ತಿರುಗಿ ನೋಡಿದೆ.

"ಈಗ ಹೋಗು."

ಎಂಟು ಗಂಟೆ ಐದು ನಿಮಿಷಕ್ಕೆ ಇಲ್ಲಿದ್ದೆವು. ಅಕ್ಕನ ಸಮಯ ಎಂಟೂವರೆಗೆ. ಇನ್ನು ಮೂವತ್ತನಾಲ್ಕು.

ಕೋಣೆಯಲ್ಲಿ ಉಕ್ಕಿನ ಕುರ್ಚಿಗಳ ಎರಡು ಸಾಲು. ಇವಳು ನನ್ನ ಎಡಕ್ಕೆ ಕೂತಳು, ಅದು ಗೊತ್ತು. ಅಲ್ಲಿಂದೀಚೆಗೆ ಸದ್ದಿಲ್ಲ. ನೇರ ನೋಡಿದರೆ ಆ ಕಡೆ ಇರುವುದು ಖಾಲಿ ಕುರ್ಚಿಗಳು, ಒಂದರ ಪಕ್ಕ ಒಂದು, ಗೋಡೆಯವರೆಗೆ. ಇದ್ದಾಳೆಯೇ ಎಂದು ತಿಳಿಯಬೇಕಾದರೆ ತಿರುಗಬೇಕು.

ತಿರುಗಿದೆ. ನಿದ್ದೆ ಹೋಗಿದ್ದಾಳೆ. ಬಾಯಿ ಸ್ವಲ್ಪ ತೆರೆದಿದೆ. ಮಡಿಲಲ್ಲಿ ಎಡಗೈ ಇನ್ನೂ ಗೇರಿನ ಗುಬಟು ಹಿಡಿದಂತೆ ಮಡಚಿಕೊಂಡಿದೆ.